ನೀಲಾಳ ಬೂಟು

ತೀರಿಕೊಂಡ ಆಟಗಾರರ ಬೂಟು ಹಾಕಿಕೊಂಡರೆ ಅವರ ಓಟ ನಮ್ಮ ಕಾಲಿಗೆ ಬರುತ್ತದೆ. ಕಾಲಿಗೆ ಬಂದಷ್ಟು ಬೂಟಿನಲ್ಲಿ ಕಡಿಮೆಯಾಗುತ್ತದೆ. ಬೆಳಗಾವಿಯ ನಮ್ಮ ಮೈದಾನದಲ್ಲಿ ಮಕ್ಕಳು ಫುಟ್‌ಬಾಲ್ ಕಲಿಯುವುದು ಹೀಗೆಯೇ.

ನನ್ನ ಮೊಮ್ಮಗಳು ನೀಲಾ ಹೋಗಿ ಏಳು ತಿಂಗಳಾಯಿತು. ಅವಳ ಬೂಟನ್ನು ಶಾಹಿನ್ ಎಂಬ ಒಬ್ಬಳೇ ಹುಡುಗಿಯ ತರಬೇತಿಗೆ ಕೊಟ್ಟಿದ್ದೆ. ದಿನವೂ ಲಿಂಗಪೂಜೆಯನ್ನು ಅರ್ಧ ಮನಸ್ಸಿನಲ್ಲಿ ಮುಗಿಸಿ ಮೈದಾನಕ್ಕೆ ಧಾವಿಸುತ್ತಿದ್ದೆ. ಎಡಕ್ಕೆ ವಾಲುವ ನೀಲಾಳ ಆ ಓಟವನ್ನು ನೋಡದಿದ್ದರೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ.

ಇವತ್ತು ಕೋಚ್ ಸಾತಪ್ಪ ಹತ್ತಿರ ಬಂದ. "ಅಜ್ಜಾರ, ಇನ್ನ ಇದನ್ನ ಗುಂಪಿಗೆ ಕೊಡೂಣ್ರಿ. ಉಳಿದ ಹತ್ತೂ ಹುಡುಗ್ಯಾರು ಒಂದೊಂದು ಸುತ್ತು ಓಡಲಿ."

"ಇವತ್ತ ಮುಗದು ಹೋಗತೈತಲ್ಲಪಾ. ಶಾಹಿನ್ ಒಬ್ಬಾಕೀನ ಹಾಕ್ಕೊಂಡ್ರ ಇನ್ನೊಂದು ವರ್ಷ ಇರತೈತಿ."

ಶಾಹಿನ್ ಬೂಟಿನ ದಾರ ಬಿಚ್ಚುತ್ತ ಹೇಳಿದಳು: "ನಾ ಎಡಕ್ಕ ಹೊಳ್ಳೂದು ಯಾರಿಗೂ ತಿಳಿಯಂಗಿಲ್ಲ ಅಜ್ಜಾ. ಚೆಂಡು ಬ್ಯಾರೆ ಕಡೆ ಒಗೀತಾರ. ನೀಲಕ್ಕನೂ ಹಿಂಗ ಒಬ್ಬಾಕೀನ ನಿಂತು ಕಾಯ್ತಿದ್ಳೇನು?"

ಕಾಯುತ್ತಿದ್ದಳು. ಮನೆಗೆ ಬಂದು ಅದನ್ನೇ ಹೇಳಿ ಅಳುತ್ತಿದ್ದಳು. ನಾನು ಸಾತಪ್ಪನನ್ನು ಬೈದು ಸುಮ್ಮನಾಗುತ್ತಿದ್ದೆ.

ಮುಂದಿನ ಹುಡುಗಿಯ ಕಾಲಿಗೆ ನಾನೇ ಬೂಟು ತೊಡಿಸಿದೆ. ಒಂಬತ್ತನೆಯವಳ ಓಟದಲ್ಲಿ ನೀಲಾ ನಾಲ್ಕೈದು ಹೆಜ್ಜೆಯಷ್ಟೇ ಉಳಿದಿದ್ದಳು. ಹತ್ತನೆಯವಳು ಕಳಚಿ ಕೊಟ್ಟಾಗ ನನ್ನ ಕೈಗೆ ಬರಿಯ ಚರ್ಮ ಬಂತು.

ಆಮೇಲೆ ಆಟ ಶುರುವಾಯಿತು. ಶಾಹಿನ್ ತನ್ನ ಹಳೆಯ ಬೂಟಿನಲ್ಲೇ ಎಡಕ್ಕೆ ಹೊರಳಿದಳು. ಚೆಂಡು ಅವಳಿಗಿಂತ ಮೊದಲೇ ಅಲ್ಲಿಗೆ ಬಂದಿತ್ತು.