ಟ್ಯಾಂಕರಿನ ಹಿಂದೆ ಸೈಕಲ್

ಪಂಕ್ಚರ್ ಅಂಗಡಿಯ ಹಳೆ ಟ್ಯೂಬಿನ ವಾಸನೆ ಈಗಲೂ ನನ್ನನ್ನು ಆ ಮಧ್ಯಾಹ್ನಕ್ಕೆ ಕರೆದೊಯ್ಯುತ್ತದೆ.

ಅಪ್ಪ ಟ್ರ್ಯಾಕ್ಟರಿಗೆ ಟ್ಯಾಂಕರ್ ಸಿಕ್ಕಿಸಿಕೊಂಡು ಮನೆಮನೆಗೆ ನೀರು ಹಾಕುತ್ತಿದ್ದ. ಅಂದು ಹೆಬ್ಬಗೋಡಿಯಲ್ಲಿ ನನಗೊಂದು ಹಳೆ ಸೈಕಲ್ ಕೊಡಿಸಿದ. ಅದನ್ನು ಚಂದಾಪುರದ ನಮ್ಮ ಮನೆಗೆ ಸಾಗಿಸಬೇಕಿತ್ತು. ನನ್ನ ಕಣ್ಣೆದುರೇ ಇರಲೆಂದು, ಟ್ರ್ಯಾಕ್ಟರಿಗೂ ಟ್ಯಾಂಕರಿಗೂ ನಡುವೆ ಕಟ್ಟು ಎಂದು ಹಟ ಹಿಡಿದೆ.

"ಅಲ್ಲಿ ಕಟ್ಟಿದ್ರೆ, ತಿರುಗಿಸ್ದಾಗ ಟ್ಯಾಂಕರ್ ಬಂದು ಅಪ್ಪಚ್ಚಿ ಮಾಡ್ಬಿಡ್ತದೆ ಕಣಮ್ಮ" ಎಂದ ಅಪ್ಪ, ಹಳೆ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಸುತ್ತಿ ಸೈಕಲನ್ನು ಟ್ಯಾಂಕರಿನ ಹಿಂದಿನ ಏಣಿಗೆ ಬಿಗಿದ. "ಹಗ್ಗ ಆದ್ರೆ ಕುಲುಕಾಟಕ್ಕೆ ಸಡ್ಲ ಆಯ್ತದೆ. ಟ್ಯೂಬು ಬಿಡಲ್ಲ."

ಮಡ್‌ಗಾರ್ಡ್ ಮೇಲೆ ಕೂತು ಎಷ್ಟು ಬಗ್ಗಿದರೂ ಸೈಕಲ್ ಕಾಣಲಿಲ್ಲ. ರಸ್ತೆಯ ಉಬ್ಬು ದಾಟಿದಾಗ ಮಾತ್ರ ಅದರ ಬೆಲ್ ಠಣ್ಣೆಂದಿತು.

"ಕೇಳಿಸ್ತಾ? ಐತೆ" ಎಂದ ಅಪ್ಪ.

ಆಮೇಲೆ ಹೊಸ ಡಾಂಬರು ಬಂತು. ಬೆಲ್ಲಿನ ಸದ್ದೇ ಇಲ್ಲ. ನನ್ನ ಕಣ್ಣು ತುಂಬಿತು. ಅಪ್ಪ ಒಮ್ಮೆ ನನ್ನತ್ತ ನೋಡಿದ. ನೀರು ತುಳುಕೀತೆಂದು ದಿನವೂ ಗುಂಡಿ ತಪ್ಪಿಸಿ ಓಡಿಸುವವನು, ಅಂದು ಖಾಲಿ ಟ್ಯಾಂಕರನ್ನು ನಿಧಾನಕ್ಕೆ ರಸ್ತೆಯಂಚಿನ ಮಣ್ಣಿಗೆ ತಂದು, ಗುಂಡಿಗಳನ್ನು ಹುಡುಕಿ ಹುಡುಕಿ ಚಕ್ರ ಇಳಿಸತೊಡಗಿದ.

ಮನೆ ಬರುವವರೆಗೂ ಬೆಲ್ ನಿಲ್ಲಲಿಲ್ಲ.