ಬುತ್ತಿ ಕಟ್ಟದೆ ಹೊರಟ ಗುರವ್ವ

ಗದಗಿನ ಆ ಓಣಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಸಾಕು... ಅದು ಗುರವ್ವನ ಮನೆ.

ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಜೋಳದ ರೊಟ್ಟಿ ಮಾಡಿಕೊಡುವುದು ಅವಳ ಕೆಲಸ. ಪಕ್ಕದಲ್ಲಿ ಕೂತು ಹಿಟ್ಟು ನಾದುವವಳು ಸೊಸೆ ಶಕುಂತಲಾ.

ಶಕುಂತಲಾಗೆ ಮಾತು ಕಡಿಮೆ. ಆದರೆ ಅವಳ ಕಣ್ಣಿಗೆ ಬೀಳದ್ದು ಯಾವುದೂ ಇರಲಿಲ್ಲ.

ಎಲ್ಲರೂ ಉಂಡು ಕೈ ತೊಳೆದ ಮೇಲೆ ಅತ್ತೆ ತಾಟು ಹಾಕಿಕೊಳ್ಳುವುದು... ಹರಿದದ್ದು, ಸೀದದ್ದು, ತಣ್ಣಗಾದದ್ದು ಅವಳ ಪಾಲಿಗೆ ಬರುವುದು... ಎಲ್ಲ ನೋಡುತ್ತಿದ್ದಳು. ಅತ್ತೆಯ ಜೊತೆ ಅವಳ ಊಟವೂ ಹಾಗೇ.

ಒಂದು ಮಧ್ಯಾಹ್ನ ಮಗನ ತಾಟಿಗೆ ಬಿಸಿ ರೊಟ್ಟಿ ಹಾಕುತ್ತಾ ಗುರವ್ವ ಹೇಳಿದಳು.

"ವೀರೇಶ, ನಾನೂ ಶಕ್ಕೂನೂ ಮುಂಬೈಗೆ ಹೊಂಟೇವಿ."

"ಮುಂಬೈಗಾ? ಯಾಕ?"

"ತಿನ್ನಾಕ."

ತುತ್ತು ವೀರೇಶನ ಕೈಯಲ್ಲೇ ಉಳಿಯಿತು. ಆಮೇಲೆ ಬಿದ್ದು ಬಿದ್ದು ನಕ್ಕ.

ಸಂಜೆಯೊಳಗೆ ಸುದ್ದಿ ಓಣಿಗೆಲ್ಲ ಗೊತ್ತಾಯಿತು. ಎದುರು ಮನೆಯ ಬಸಲಿಂಗವ್ವ ಕಟ್ಟೆಯ ಮೇಲಿಂದಲೇ ಕೂಗಿದಳು.

"ಏನ ಗುರವ್ವಾ... ಮಂದಿ ಕಾಶಿಗೆ ಹೋಗ್ತಾರ, ಪಂಢರಪುರಕ್ಕ ಹೋಗ್ತಾರ. ನೀ ವಡಾಪಾವ್ ದರ್ಶನಕ್ಕ ಹೊಂಟೀಯಂತ?"

"ಹೌದವ್ವಾ. ಪ್ರಸಾದ ತರ್ತೀನಿ, ತಡಿ."

ಮರುದಿನ ವೀರೇಶ ನಗಲಿಲ್ಲ. ಮುಖ ಗಂಟು ಹಾಕಿಕೊಂಡು ಬಂದ.

"ಯವ್ವಾ, ಹೋಗೂದಾದ್ರ ಹೋಗು. ಆದ್ರ ಅಲ್ಲಿ ಮಹಾಲಕ್ಷ್ಮಿ ಗುಡಿಗೆ ಹೊಂಟೇವಿ ಅಂತ ಹೇಳು. ತಿನ್ನಾಕ ಹೊಂಟಾರ ಅಂದ್ರ ಬೀಗರ ಮುಂದ ನನ್ನ ಮಾನ ಏನಾಗಬೇಕು?"

ಗುರವ್ವ ಕೈಯ ಹಿಟ್ಟು ಉಜ್ಜಿಕೊಂಡಳು.

"ನಂಗ ದೇವ್ರ ಮ್ಯಾಲೆ ಭಕ್ತಿ ಐತಿ. ಅದಕ್ಕ ಆಕೀ ಹೆಸರಿಲೆ ಸುಳ್ಳು ಹೇಳಂಗಿಲ್ಲ."

ಅಂದಿನಿಂದ ಅತ್ತೆ ಸೊಸೆಯ ಪ್ಲಾನಿಂಗ್ ಶುರುವಾಯಿತು...

ಕೆಲಸ ಮುಗಿದ ಮೇಲೆ ಶಕುಂತಲಾ ಮೊಬೈಲಿನಲ್ಲಿ ಸೌಂಡ್ ಕಡಿಮೆ ಮಾಡಿಕೊಂಡು ವಿಡಿಯೋ ನೋಡುವಳು. ದಾದರ್‌ನಲ್ಲಿ ಇಳಿದ ಕೂಡಲೇ ವಡಾಪಾವ್. ಆಮೇಲೆ ಖಾರದ ರಸ ಸುರಿದ ಮಿಸಳ್. ಇರಾನಿ ಚಹಾದ ಜೊತೆ ಬೆಣ್ಣೆ ಹಚ್ಚಿದ ಬನ್. ಸಂಜೆ ಸಮುದ್ರದ ದಂಡೆಯಲ್ಲಿ ಪಾವ್‌ಭಾಜಿ...

ಗುರವ್ವನದು ಒಂದೇ ಕಂಡೀಷನ್.

"ನಮ್ಮ ಕಣ್ಣ ಮುಂದ ಮಾಡಬೇಕು. ಒಲಿ ಮ್ಯಾಲಿಂದ ಸೀದಾ ತಾಟಿಗೆ ಬೀಳಬೇಕು. ಆರಿದ್ದು ನಂಗ ಬ್ಯಾಡ."

ಯಾಕೆ ಎಂದು ಶಕುಂತಲಾ ಕೇಳಲಿಲ್ಲ.

ಹೊರಡುವ ಹಿಂದಿನ ದಿನ ಬಂತು...

ಬಟ್ಟೆ ಮಡಚಿಟ್ಟು ಅಡುಗೆ ಮನೆಗೆ ಬಂದ ಶಕುಂತಲಾ ಬಾಗಿಲಲ್ಲೇ ನಿಂತುಬಿಟ್ಟಳು. ಅತ್ತೆ ಒಲೆಯ ಮುಂದೆ ಕೂತಿದ್ದಳು. ಪಕ್ಕದಲ್ಲಿ ಖಡಕ್ ರೊಟ್ಟಿಯ ರಾಶಿ. ಡಬ್ಬಿ ತುಂಬ ಶೇಂಗಾ ಚಟ್ನಿ.

ಆ ಕಡೆ ಬುತ್ತಿ ಕಟ್ಟದೆ ಯಾರೂ ಊರು ದಾಟುವುದಿಲ್ಲ. ತಿನ್ನುವುದಕ್ಕೆಂದೇ ಹೊರಟವಳ ಕೈಯೂ ತನ್ನಷ್ಟಕ್ಕೆ ತಾನೇ ಹಿಟ್ಟಿಗೆ ಹೋಗಿತ್ತು...

ವೀರೇಶನಿಗೆ ಖುಷಿಯೋ ಖುಷಿ.

"ಈಗ ಬುದ್ಧಿ ಬಂತ ನೋಡು! ಬುತ್ತಿ ಇದ್ದ ಮ್ಯಾಲೆ ಹೊರಗ ತಿನ್ನೂದು ಯಾಕ? ಗುಡಿ ನೋಡ್ಕೊಂಡು ಬರ್ರಿ."

ಗುರವ್ವ ತಲೆ ಎತ್ತಲಿಲ್ಲ. "ಬುತ್ತಿ ಇಲ್ದ ಹೆಂಗ ಹೋಗೂದಪಾ..." ಎಂದಳು. ದನಿ ಸೋತಿತ್ತು.

ಶಕುಂತಲಾಗೆ ಅರ್ಥವಾಯಿತು. ಮುಂಬೈ ಇಲ್ಲಿಯೇ, ಈ ಹಿಟ್ಟಿನಲ್ಲಿಯೇ ಮುಗಿದುಹೋಗುತ್ತಿದೆ...

ಅವಳು ಬಗ್ಗಿ ಹಿಟ್ಟಿನ ಪರಾತ ಎತ್ತಿಕೊಂಡಳು.

"ಬುತ್ತಿ ಬ್ಯಾಡ ಅತ್ತಿ."

"ಆಂ?"

"ಬುತ್ತಿ ತಗೊಂಡ್ರ ರೈಲಿನ್ಯಾಗೂ ನೀವ ಬಡಸ್ತೀರಿ. ಬಾಜೂಕ ಕುಂತವ್ರಿಗೆಲ್ಲ ಕೊಟ್ಟು ಕಡೀಕ ನೀವ ಉಣ್ತೀರಿ. ಅದಕ್ಕ ಮುಂಬೈ ಯಾಕ ಬೇಕು? ಇಲ್ಲೇ ಇರೂಣು."

ವೀರೇಶ ಗುಡುಗಿದ. "ಏ... ನಿನಗ ಬಾಯಿ ಯಾವಾಗ ಬಂತು?"

"ಮೊದಲಿಂದ ಐತ್ರಿ. ತಣ್ಣನ ರೊಟ್ಟಿ ಅಗಿಯೂದ್ರಾಗ ಖಾಲಿ ಇರ್ಲಿಲ್ಲ."



ಗುರವ್ವನ ಕಣ್ಣು ತುಂಬಿ ಬಂತು...

"ಲಗ್ನ ಆಗಿ ಬಂದ ಹೊಸದು. ಹಸಿವು ತಡೀಲಿಲ್ಲ. ಉಬ್ಬಿದ್ದ ರೊಟ್ಟಿ ಒಂದು ಕೈಗೆ ತಗೊಂಡಿದ್ದೆ. ನಮ್ಮತ್ತಿ ಕಸಗೊಂಡ್ರು. 'ಮಾಡಾಕಿ ಕಡೀಕ ಉಣ್ಣಬೇಕು' ಅಂದ್ರು. ಊರಿಗೆಲ್ಲ ಬಿಸಿ ರೊಟ್ಟಿ ಕೊಟ್ಟೆ ನೋಡಪಾ... ಅದರ ರುಚಿ ಹೆಂಗಿರ್ತೈತಿ ಅಂತ ನಂಗ ಗೊತ್ತಿಲ್ಲ."



ಗುರವ್ವ ಎದ್ದಳು. ತಾನೇ ಒಲೆ ಆರಿಸಿದಳು.

ಮರುದಿನ ಇಬ್ಬರೂ ಓಣಿಯ ನಡುವೆಯೇ ನಡೆದು ಹೋದರು. ಕೈಯಲ್ಲಿ ಬುತ್ತಿ ಇರಲಿಲ್ಲ...

ದಾದರ್‌ನ ಒಂದು ಸಣ್ಣ ಅಂಗಡಿ. ಬಾಣಲೆಯಿಂದ ಎದ್ದ ವಡೆ ಪಾವ್ ಒಳಗೆ ಕೂತು ಸೀದಾ ಗುರವ್ವನ ಮುಂದೆ ಬಂತು.

ಅವಳು ಮುಟ್ಟಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ಸುತ್ತಲೂ ನೋಡಿದಳು... ಯಾರದಾದರೂ ತಾಟು ಖಾಲಿ ಇದೆಯೇ ಎಂದು.

"ಅತ್ತಿ, ಇಲ್ಲಿ ಬಡಸೋರು ಬ್ಯಾರೇ ಅದಾರ. ನೀವ ತಿನ್ರಿ."

ಗುರವ್ವ ದೊಡ್ಡದಾಗಿ ಕಚ್ಚಿದಳು. ಬಾಯಿಂದ ಹಬೆ ಬಂತು, ಕಣ್ಣಿಂದ ನೀರು. ಅಳುತ್ತಾ ನಗುತ್ತಾ ಕೂಗಿದಳು.

"ಶಕ್ಕೂ... ನಾಲಿಗಿ ಸುಟ್ಟತಲ್ಲ ಬೇ!"

ತಿರುಗಿ ಬಂದಾಗ ಬಸಲಿಂಗವ್ವ ಕಟ್ಟೆಯ ಮೇಲೆ ಕಾದು ಕೂತಿದ್ದಳು. "ಯಾವ ದೇವ್ರ ದರ್ಶನ ಆತು?"

"ಯಾವ್ದೂ ಇಲ್ಲ. ಹೊಟ್ಟಿ ತುಂಬ ತಿಂದು ಬಂದ್ವಿ!" ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು ಗುರವ್ವ.

ಅಂದು ಮಧ್ಯಾಹ್ನ ಹಂಚಿನ ಮೇಲೆ ಮೊದಲ ರೊಟ್ಟಿ ಉಬ್ಬಿತು. ವೀರೇಶ ತಾಟು ಮುಂದೆ ಚಾಚಿದ.

ರೊಟ್ಟಿ ಅವನ ತಾಟು ದಾಟಿ ಶಕುಂತಲಾಳ ತಾಟಿಗೆ ಬಿತ್ತು.

"ತಿನ್ನವಾ, ಆರೂದ್ರಾಗ."

"ಯವ್ವಾ... ನಂಗ?"

"ಕಾಯಿ. ಕಾಯೂದು ಕಲಿಯಾಕ ಯಾವ ವಯಸ್ಸಾದ್ರೂ ನಡೀತೈತಿ."

*

ಎಲ್ಲರಿಗೂ ಬಡಿಸುವವಳಿಗೂ ಒಂದು ಹಸಿವಿದೆ... ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ದೇವರ ನೆಪವೂ ಬೇಕಿಲ್ಲ.

ಇವತ್ತು ನಿಮ್ಮ ಮನೆಯಲ್ಲಿ ಕೊನೆಗೆ ಉಂಡವರು ಯಾರು... ಅವರ ತಾಟಿನಲ್ಲಿ ಬಿದ್ದದ್ದು ಬಿಸಿಯಾಗಿತ್ತಾ?