ಪಟೇಲನ ಪಾತ್ರಧಾರಿ

"ಅಪ್ಪನ್ನ ಮುಳುಗ್ಸಿ ಕೊಂದವನ ಮಖವ ಫೋನಲ್ಲಿ ನೋಡ್ಕಂಡು ಟೀ ಕುಡೀತಾವ್ನೆ. ನೋಡ್ರಪ್ಪ, ಇವ್ನೂ ಒಬ್ಬ ಗಂಡಸಂತೆ."

ಕಿಕ್ಕೇರಿ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕರಿಯಯ್ಯ ಎಲ್ಲರಿಗೂ ಕೇಳುವಂತೆ ಹೇಳಿದ. ಬೆಂಚಿನಲ್ಲಿದ್ದವರು ನಕ್ಕರು.

"ಬುಡು ಕರಿಯಣ್ಣ, ಲೈಕ್ ಒತ್ತದೆ ಇದ್ರೆ ಸೇಡು ತೀರ್‍ದಂಗೆ ಲೆಕ್ಕ," ಅಂದ ಒಬ್ಬ.

ಫೋನು ಹಿಡಿದಿದ್ದ ಚೈತನ್ಯ ಎದ್ದು ಹಾಗೆ ಅಂದವನ ಬಾಯಿಗೆ ಟೀ ಲೋಟ ಬಡಿದ. ಗಾಜು ಒಡೆಯಿತು, ತುಟಿ ಸೀಳಿತು. ನಗು ನಿಂತಿತು.

ದೊಡ್ಡಪ್ಪ ಕರಿಯಯ್ಯನ ಮೇಲೆ ಮಾತ್ರ ಕೈ ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ಅಪ್ಪ ಸತ್ತಾಗ ಚೈತನ್ಯ ತೊಟ್ಟಿಲಲ್ಲಿದ್ದ. ಅಣ್ಣತಮ್ಮಂದಿರಿಬ್ಬರ ಗದ್ದೆಯನ್ನೂ ಒಬ್ಬನೇ ಉತ್ತು ಅವನನ್ನು ಸಾಕಿದವನು ಕರಿಯಯ್ಯ.

ಅಪ್ಪನ ಸಾವಿಗೆ ಮೂಲ ಒಂದು ಹೆಸರಾಂತ ಹಳೆಯ ಕಾದಂಬರಿ. ಅದನ್ನು ಸಿನಿಮಾ ಮಾಡಲು ಬಂದವರು ತೊಣ್ಣೂರು ಕೆರೆಯಲ್ಲಿ ಚಿತ್ರೀಕರಣ ಇಟ್ಟುಕೊಂಡಿದ್ದರು. ಪಟೇಲ ತನ್ನ ಜೀತದಾಳನ್ನು ತೆಪ್ಪದಿಂದ ಎಳೆದು ನೀರಲ್ಲಿ ಅದುಮುವ ದೃಶ್ಯ. ಆಳಿನ ಪಾತ್ರಕ್ಕೆಂದು ಕಂಪನಿಯ ವ್ಯಾನು ಹತ್ತಿದವನು ಚೈತನ್ಯನ ಅಪ್ಪ. ಜೊತೆಗೆ ಹೋದವನು ಕರಿಯಯ್ಯ. ಕಟ್ ಅಂದ ಮೇಲೆ ಪಟೇಲ ನೀರಿನಿಂದೆದ್ದ, ಆಳು ಏಳಲಿಲ್ಲ. ಅಕಸ್ಮಾತ್ ಎಂದು ಬರೆದುಕೊಂಡು ಕೇಸು ಮುಚ್ಚಿದರು.

"ಅಕಸ್ಮಾತ್ತಂತೆ. ನಾನು ಏರಿ ಮ್ಯಾಲೆ ನಿಂತು ಕಣ್ಣಾರೆ ಕಂಡಿವ್ನಿ. ಬೇಕಂತ್ಲೇ ಇಡ್ಕಂಡಿದ್ದ," ಎಂದು ಕರಿಯಯ್ಯ ಊರಿಗೆಲ್ಲ ಸಾರಿದ್ದ.

ಆ ಕಾದಂಬರಿಯ ತುಣುಕು ಪಾಠವಾಗಿ ಬಂದ ವರ್ಷ ಚೈತನ್ಯ ಶಾಲೆ ಬಿಟ್ಟ. ಆಮೇಲೆ ಅವನು ಓದಿದ್ದು ಆ ಸಿನಿಮಾದ ನಟನಟಿಯರ ಸುದ್ದಿ ಮಾತ್ರ. ನಾಯಕಿ ಈಗ ಧಾರಾವಾಹಿಗಳಲ್ಲಿ ಸೊಸೆಗೆ ವಿಷ ಹಾಕುವ ಅತ್ತೆ. ನಾಯಕ ಚುನಾವಣೆಗೆ ನಿಂತು ಠೇವಣಿ ಕಳೆದುಕೊಂಡ. ನಗಿಸುತ್ತಿದ್ದವನು ನಾಗಮಂಗಲದಲ್ಲಿ ಸೈಟು ಮಾರುತ್ತಾನೆ. ಹೋದ ವರ್ಷ ಚೈತನ್ಯ ಅವನ ಆಫೀಸಿಗೆ ನುಗ್ಗಿ, ಕುತ್ತಿಗೆ ಹಿಡಿದು ಗೋಡೆಗೆ ಒತ್ತಿ ಪಟೇಲನ ವಿಳಾಸ ಕೇಳಿದ್ದ. ಅವನಿಗೂ ಗೊತ್ತಿರಲಿಲ್ಲ. ಪಟೇಲನ ಪಾತ್ರಕ್ಕೆ ಪ್ರಶಸ್ತಿ ಹೊಡೆದ ರವೀಂದ್ರ, ಅದಾದ ಮೇಲೆ ಒಂದೇ ಒಂದು ಸಿನಿಮಾ ಒಪ್ಪದೆ ಕಾಣೆಯಾಗಿದ್ದ.

ನಿನ್ನೆ ಸಿಕ್ಕ. ಹಳೆಯ ನಟರನ್ನು ಹುಡುಕಿ ಮಾತಾಡಿಸುವ ಯೂಟ್ಯೂಬ್ ಚಾನೆಲ್ಲಿನವರು ಅವನನ್ನು ಶ್ರೀರಂಗಪಟ್ಟಣದ ಕೋಟೆ ಪಕ್ಕದ ಬಾಡಿಗೆ ಮನೆಯಲ್ಲಿ ಹಿಡಿದಿದ್ದರು. ತೊಣ್ಣೂರಲ್ಲಿ ಏನಾಯಿತೆಂದು ಮುಂದಿನ ವಾರ ಬಾಯಿಬಿಡುತ್ತೇನೆ ಅಂದಿದ್ದ ಮುದುಕ. ಆ ವಿಡಿಯೊವನ್ನು ಕರಿಯಯ್ಯ ಬೆಳಗಾಗುವವರೆಗೆ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದ್ದ.

"ಸುಳ್ಳು ಬೊಗಳಕೆ ಮುಂಚೆ ಬಾಯಿ ಮುಚ್ಚಿಸ್ಲಾ," ಅಂದ ಈಗ ಟೀ ಅಂಗಡಿಯ ಮುಂದೆ. ತಾನೇ ಬೈಕು ತಿರುಗಿಸಿ ನಿಲ್ಲಿಸಿದ.

ಬೈಕು ಪಾಂಡವಪುರ ದಾಟಿತು. ಚೈತನ್ಯನ ತೊಡೆಯ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಜಾಕಿ ರಾಡು. ರವೀಂದ್ರನ ಓಣಿಯ ಬಾಯಲ್ಲಿ ಕರಿಯಯ್ಯ ನಿಲ್ಲಿಸಿದ. ಇಂಜಿನ್ನು ಆರಿಸಲಿಲ್ಲ, ಹೆಲ್ಮೆಟ್ಟು ತೆಗೆಯಲಿಲ್ಲ.

"ನೀನೂ ಬಾ ದೊಡ್ಡಪ್ಪ."

"ಅವನ ಮುಂದೆ ನಿಂತ್ಕಳಕೆ ನನ್ನ ಕೈಲಾಗಕಿಲ್ಲ ಕಣ್ಲಾ. ಓಗು, ಮಗನ ಕೆಲ್ಸ ಮಗ ಮಾಡ್ಬೇಕು."

ಬಾಗಿಲು ತೆರೆದೇ ಇತ್ತು. ರವೀಂದ್ರ ನಡುಮನೆಯಲ್ಲಿ ಮೊರ ಇಟ್ಟುಕೊಂಡು ಕಡಲೆಕಾಯಿ ಸುಲಿಯುತ್ತಿದ್ದ. "ಚಾನೆಲ್ಲಿನವರಾ? ಬನ್ನಿ," ಅಂದ.

ರಾಡು ಮೊಣಕಾಲಿಗೆ ಬಿತ್ತು. ಮೂಳೆ ಲಟಕ್ಕೆಂದಿತು. ಮೊರ ಮಗುಚಿತು.

"ತೊಣ್ಣೂರು ಕೆರೇಲಿ ಮುಳುಗಿಸ್ದಲ್ಲ, ಅವನ ಮಗ ಕಣೋ ನಾನು."

ಮುದುಕ ಚೀರಲಿಲ್ಲ. ಕಾಲು ಹಿಡಿದುಕೊಂಡು ಅವನ ಮುಖವನ್ನೇ ನೋಡಿದ. "ನಂಗೆ ಈಜೇ ಬರಲ್ಲಪ್ಪ. ನೀರಿಗಿಳಿದವ ನಾನಲ್ಲ. ಡ್ಯೂಪು. ನನ್ನ ಪೇಟ ಸುತ್ತಿ, ನನ್ನ ಮೀಸೆ ಅಂಟಿಸಿ ಅವನನ್ನ ಇಳಿಸಿದ್ರು. ಹೊರಗೆ ಹೇಳಬೇಡ ಅಂದ್ರು. ನಾನೂ ಪ್ರಶಸ್ತಿ ತಗೊಂಡು ಸುಮ್ಮನಾದೆ."

ಸಿಕ್ಕಿಬಿದ್ದ ಮೇಲೆ ಎಲ್ಲರಿಗೂ ಒಬ್ಬ ಡ್ಯೂಪು ನೆನಪಾಗುತ್ತಾನೆ. ರಾಡು ಮತ್ತೆ ಎದ್ದಿತು. ಈ ಸಲ ಮೊಣಕೈ ಮುರಿಯಿತು.

"ಯಾವನ್ಲಾ ಅವನು? ಎಸ್ರೇಳು."

"ಗೊತ್ತಿಲ್ಲ. ಹಳ್ಳಿಯವನು, ನನ್ನಷ್ಟೇ ಎತ್ತರ. ಕ್ಯಾಮೆರಾ ಏರಿ ಮೇಲೆ, ತೆಪ್ಪ ದೂರದಲ್ಲಿ. ಕೆಂಪು ಬಟ್ಟೆ ಬೀಸಿದರೆ ಆಕ್ಷನ್ನು. ಕೂಗಿಕೊಂಡರೂ ದಡಕ್ಕೆ ಕೇಳ್ತಿರಲಿಲ್ಲ. ಸಿನಿಮಾದಲ್ಲಿರೋ ನಿಮ್ಮಪ್ಪನ ಆ ಕೂಗು ಕೂಡ ಆಮೇಲೆ ಬೆಂಗಳೂರಲ್ಲಿ ಬೇರೆಯವರು ಕೊಟ್ಟ ಧ್ವನಿ."

ಅದೊಂದನ್ನು ಅವನು ಹೇಳಬಾರದಿತ್ತು. "ಅಯ್ಯೋ ನನ್ನೊಡೆಯಾ" ಎಂಬ ಆ ಕೂಗೊಂದೇ ಚೈತನ್ಯ ಕೇಳಿದ್ದ ಅಪ್ಪನ ದನಿ. ರಾತ್ರಿಯೆಲ್ಲ ಅದನ್ನು ಕಿವಿಗೆ ಹಾಕಿಕೊಂಡು ಬೆಳೆದವನು. ಅದೂ ಅಪ್ಪನದಲ್ಲ. ರಾಡು ದವಡೆಗೆ ಬಿತ್ತು, ಬಾಗಿದ ಬೆನ್ನಿಗೆ ಬಿತ್ತು. ಕೈ ಸೋಲುವವರೆಗೆ ಬಡಿದ. ಕಡಲೆಕಾಯಿ ಸಿಪ್ಪೆಯೆಲ್ಲ ಕೆಂಪಾಯಿತು. ಮುದುಕ ಅಲುಗುವುದು ನಿಂತಿತು.

ಓಣಿಯ ಬಾಯಲ್ಲಿ ಬೈಕು ಇನ್ನೂ ಗುರುಗುಟ್ಟುತ್ತಿತ್ತು. ರಕ್ತವಾದ ಅಂಗಿ ಕಂಡದ್ದೇ ಕರಿಯಯ್ಯ ನೀಳವಾಗಿ ಉಸಿರುಬಿಟ್ಟ. ಹೆಲ್ಮೆಟ್ಟಿನ ಗಾಜು ಮೇಲೆತ್ತಿದ. ಕಣ್ಣು ತುಂಬಿ ಬಂದಿದ್ದವು.

"ಮುಗೀತಾ? ಇನ್ನ ಬಾಯಿ ಬುಡಕಿಲ್ಲ ತಾನೇ? ಸರಿ ಬುಡು. ನಿಮ್ಮಪ್ಪನ ಜೀವ ಇವತ್ತು ತಣ್ಣಗಾಯ್ತು. ಪಾಪ, ಮುಳುಗೋವಾಗ್ಲೂ ಒಂದ್ ಮಾತು ಬೈನಿಲ್ಲ ಕಣ್ಲಾ ಅವ್ನು. 'ಅಣ್ಣಯ್ಯ, ಸಾಕು, ತಲೆ ಬುಡು' ಅಂತ ಮೆತ್ತಗೆ ಅಂದ, ಅಷ್ಟೇಯ. ಯಾಕ್ಲಾ ಇಂಗ್ ನೋಡ್ತೀಯೆ? ಬೈಕ್ ಮ್ಯಾಲೆ ಅತ್ತು."

ಚೈತನ್ಯ ಬೈಕು ಹತ್ತಲಿಲ್ಲ. ರಾಡು ಹಿಡಿದುಕೊಂಡೇ ಬೈಕು ದಾಟಿ, ಪೊಲೀಸ್ ಠಾಣೆಯ ದಾರಿ ಹಿಡಿದು ನಡೆದ.